ಮಾಲು ಕೆಟ್ಟ ದಿನ ಯಾರಿಗೆ ಫೋನ್ ಮಾಡುತ್ತೀರಿ?

ವಿಜಯಪುರದಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ನಾನು, ನನ್ನ ನೆಗೆಣ್ಣಿ, ಇನ್ನಿಬ್ಬರು ಹೆಣ್ಣುಮಕ್ಕಳು ಸೇರಿ ದಿನಾ ಇನ್ನೂರರ ಮೇಲೆ ರೊಟ್ಟಿ ಬಡಿಯುತ್ತೇವೆ. ಹದಿನಾಲ್ಕು ವರ್ಷದಲ್ಲಿ ಮಿಕ್ಸರ್, ಫ್ರಿಜ್, ಫ್ಯಾನ್, ಕೂಲರ್ ಎಲ್ಲ ಕೊಂಡಾಯಿತು. ಕೆಲವನ್ನು ಗಾಂಧಿ ಚೌಕದ ಸುತ್ತಲಿನ ಸಣ್ಣ ಅಂಗಡಿಗಳಲ್ಲಿ, ಕೆಲವನ್ನು ಗಾಜಿನ ಬಾಗಿಲಿನ ದೊಡ್ಡ ಶೋರೂಮ್‌ಗಳಲ್ಲಿ. ಎರಡೂ ಕಡೆ ಕೈ ಸುಟ್ಟುಕೊಂಡಿದ್ದೇನೆ. ಅದಕ್ಕೇ ಏನೋ, ಓಣಿಯಲ್ಲಿ ಯಾರು ಏನು ಕೊಳ್ಳಬೇಕೆಂದರೂ ಮೊದಲು ನನ್ನ ಹತ್ತಿರ ಬರುತ್ತಾರೆ. "ವೈನಿ, ಎಲ್ಲಿ ತಗೊಂಡ್ರ ಚಲೋ ರೀ?" ಅಂತ ಕೇಳುತ್ತಾರೆ. ರೇಟಿನ ಮಾತು ಆಮೇಲೆ. ಕೊಂಡ ಮಾಲು ಕೆಟ್ಟ ದಿನ ಯಾರಿಗೆ ಫೋನ್ ಮಾಡುತ್ತೀ, ಅದನ್ನು ಮೊದಲು ಹೇಳು ಅನ್ನುತ್ತೇನೆ.

ಈ ಪ್ರಶ್ನೆ ನನಗೆ ಕಲಿಸಿದ್ದು ಒಂದು ಮಿಕ್ಸರ್. ಶೋರೂಮ್‌ನಲ್ಲಿ ಆಫರ್ ಇತ್ತು. 750 ವ್ಯಾಟ್, ಮೂರು ಜಾರ್, ಮೋಟಾರಿಗೆ ಐದು ವರ್ಷ ಗ್ಯಾರಂಟಿ. ಖಾನಾವಳಿಗೆ ಬೇಕು ಅಂತ ಬಾಯಿಬಿಟ್ಟು ಹೇಳಿದ್ದೆ. ತೋರಿಸಿದ ಹುಡುಗ ನಗುನಗುತ್ತ ತಲೆಯಾಡಿಸಿದ. ಏಳನೇ ತಿಂಗಳಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ) ಮಾಡುವಾಗ ಸುಟ್ಟ ವಾಸನೆ ಬಂತು. ರಿಪೇರಿಗೆ ಬಂದವನು ಸಾಲಾಗಿ ಇಟ್ಟಿದ್ದ ತಾಟುಗಳನ್ನು ನೋಡಿದ. ಗ್ಯಾರಂಟಿ ಕಾರ್ಡಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟ. ಮನೆ ಬಳಕೆಗೆ ಮಾತ್ರ ಅಂತ ಬರೆದಿತ್ತು. ಮುಗಿಯಿತು ಕಥೆ.

ಆಮೇಲೆ ಸಣ್ಣ ಅಂಗಡಿಗೆ ಹೋದೆ. ಅಲ್ಲಿಯ ಕಾಕಾ ಮಿಕ್ಸರ್ ತೋರಿಸುವ ಮೊದಲೇ ದಿನಕ್ಕೆ ಎಷ್ಟು ಮಂದಿ ಊಟ, ಎಷ್ಟು ಕೆ.ಜಿ. ಹಿಂಡಿ ಅಂತ ಕೇಳಿದರು. "ಅಕ್ಕಾರ, ಮನೀ ಮಿಕ್ಸರ್ ನಿಮ್ಮ ಕೆಲಸಕ್ಕ ತಾಳಂಗಿಲ್ರಿ. ಹೋಟೆಲ್‌ನವರು ಒಯ್ಯೂದು ತಗೋರಿ. ರೊಕ್ಕ ಹೆಚ್ಚಾಕೈತಿ, ಆದ್ರ ಅಳೂದು ತಪ್ಪತೈತಿ." ರೊಕ್ಕ ಹೆಚ್ಚೇ ಆಯಿತು. ಆದರೆ ಅದು ಇವತ್ತಿಗೂ ತಿರುಗುತ್ತಿದೆ. ಎರಡು ಸಲ ಮೋಟಾರಿಗೂ ಜಾರಿಗೂ ಜೋಡಿಸುವ ಕಪ್ಲರ್, ಒಂದು ಸಲ ಜಾರಿನ ಬ್ಲೇಡ್ ತಿರುಗುವ ಬುಷ್ ಬದಲಿಸಿದ್ದೇನೆ. ಎಲ್ಲ ಅವರ ಅಂಗಡಿಯಲ್ಲೇ, ನಿಂತ ಕಾಲಲ್ಲಿ.

ಹಾಗಾಗಿ ಮಿಕ್ಸರ್ ಕೊಳ್ಳುವವರು ಏನು ಮಾಡಬೇಕೆಂದರೆ, ಯಾವ ಕೆಲಸಕ್ಕೆ ಅಂತ ಹೇಳಿ, ಗ್ಯಾರಂಟಿ ಕಾರ್ಡ್ ತೆರೆಸಿ ಅಲ್ಲೇ ಓದಿಸಿ. ಕಪ್ಲರ್, ಬುಷ್, ವಾಷರ್, ಬ್ಲೇಡ್ ಇದೇ ಅಂಗಡಿಯಲ್ಲಿ ಸಿಗುತ್ತವೆಯೇ ಅಂತ ಕೇಳಿ. ಉತ್ತರಕ್ಕೆ ಮೊಬೈಲ್ ತೆಗೆದು ಹುಡುಕುವ ಅಂಗಡಿಯಾದರೆ ಅಲ್ಲಿ ಕೊಳ್ಳಬೇಡಿ. (ನಡುವೆ ಒಂದು ಮಾತು: ಮಿಕ್ಸರ್ ಒಮ್ಮೆಲೇ ನಿಂತರೆ ಗಾಬರಿಯಾಗಬೇಡಿ. ತಳದಲ್ಲಿ ಒಂದು ಗುಂಡಿ ಇರುತ್ತದೆ, ಹೆಚ್ಚಾಗಿ ಕೆಂಪು. ಆರಿದ ಮೇಲೆ ಅದನ್ನು ಒತ್ತಿ. ಎಷ್ಟೋ ಸಲ ರಿಪೇರಿ ಅದೇ.)

ಸಣ್ಣ ಅಂಗಡಿಯವರೆಲ್ಲ ದೇವರಲ್ಲ. ಒಬ್ಬರ ಹತ್ತಿರ ಎರಡು ರಿಮೋಟ್ ಫ್ಯಾನ್ ತಗೊಂಡೆ. "ಬಿಲ್ ಬ್ಯಾಡ ಅಂದ್ರ 300 ಕಡಿಮಿ" ಅಂದರು. ನನಗೂ ಆಸೆ. ಹನ್ನೊಂದನೇ ತಿಂಗಳಿಗೆ ಒಂದರ ಬೋರ್ಡ್ ಹೋಯಿತು. ಕಂಪನಿಯವರು ಬಿಲ್ ಕೇಳಿದರು. ಅಂಗಡಿಯವರು ನನ್ನ ಮುಖವನ್ನೇ ಗುರುತು ಹಿಡಿಯಲಿಲ್ಲ. ಹಳೆಯ ಫ್ಯಾನ್ ಸುಟ್ಟರೆ ವೈಂಡಿಂಗ್ ಅಂಗಡಿಯಲ್ಲಿ ಕಟ್ಟಿಸಿಕೊಂಡು ಬರಬಹುದು. ಈ ರಿಮೋಟ್ ಫ್ಯಾನ್, ಅಂದರೆ ಬಿಎಲ್‌ಡಿಸಿ ಫ್ಯಾನ್, ಹಾಗಲ್ಲ, ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಹಳೆಯದು 75 ವ್ಯಾಟ್ ತಿನ್ನುವಲ್ಲಿ ಇದು 30ರ ಆಸುಪಾಸು ತಿನ್ನುತ್ತದೆ, ಅದು ನಿಜ. ಆದರೆ ಇದರ ಜೀವ ಇರುವುದೇ ಗ್ಯಾರಂಟಿಯಲ್ಲಿ. ಇಂಥದ್ದನ್ನು ಎಲ್ಲಿ ಬೇಕಾದರೂ ತಗೊಳ್ಳಿ, ಬಿಲ್ ಇಲ್ಲದೆ ಮಾತ್ರ ಬೇಡ.

ಬಿಲ್ ಅಂದರೆ ಬಿಳಿ ಚೀಟಿಯ ಮೇಲೆ ಪೆನ್ನಿನಲ್ಲಿ ಗೀಚಿದ್ದಲ್ಲ. ಅಂಗಡಿಯ ಜಿಎಸ್‌ಟಿ ನಂಬರ್, ತಾರೀಖು, ಮಾಡೆಲ್, ಸೀರಿಯಲ್ ನಂಬರ್ ಇರಬೇಕು. ಪೆಟ್ಟಿಗೆಯ ಮೇಲಿನ ನಂಬರಿಗೂ ಬಿಲ್‌ನ ನಂಬರಿಗೂ ತಾಳೆ ನೋಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದಿರುವುದೇ ತಪ್ಪು. ದೋಷ ಇರುವ ಮಾಲನ್ನು ಬಿಲ್‌ನಲ್ಲಿ ಬರೆದ ಅವಧಿಯೊಳಗೆ ವಾಪಸ್ ತಗೊಳ್ಳಲ್ಲ ಅನ್ನುವುದೂ ತಪ್ಪು. ಅವಧಿ ಬರೆದಿಲ್ಲದಿದ್ದರೆ 30 ದಿನ ಅಂತ ಲೆಕ್ಕ. ಮಾತಿಗೆ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಕೈಯಲ್ಲಿ ಬಿಲ್ ಇದ್ದರೆ ಅಲ್ವಾ ಇದೆಲ್ಲ?

ಇನ್ನು ಫ್ರಿಜ್. ಹೋದ ವರ್ಷ ಮನೆಗೆ ಸಿಂಗಲ್ ಡೋರ್ ಫ್ರಿಜ್ ಬೇಕಾಗಿತ್ತು. ಮೊದಲು ಶೋರೂಮ್‌ಗೆ ಹೋದೆ. ಅಲ್ಲಿಗೆ ಹೋಗುವುದು ಒಳ್ಳೆಯದೇ. ಇಪ್ಪತ್ತು ಫ್ರಿಜ್ ಸಾಲಾಗಿ ನಿಂತಿರುತ್ತವೆ, ಬಾಗಿಲು ತೆಗೆದು ನೋಡಬಹುದು, ದೊಡ್ಡ ಪಾತೆಲಿ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಒಂದು ಗಮನಿಸಿ. ಅಲ್ಲಿ ನಿಮ್ಮ ಹಿಂದೆ ಓಡಾಡುವ ಹುಡುಗರಲ್ಲಿ ಕೆಲವರು ಅಂಗಡಿಯವರಲ್ಲ, ಕಂಪನಿಯವರು ಇಟ್ಟವರು. ಅಂಗಿಯ ಮೇಲೆ ಯಾವ ಕಂಪನಿ ಹೆಸರಿದೆ ನೋಡಿ. ಅವನು ಅದನ್ನೇ ಹೊಗಳುತ್ತಾನೆ, ಪಾಪ, ಅವನ ಕೆಲಸ ಅದು.

ಮಾಡೆಲ್ ನಂಬರ್ ಬರೆದುಕೊಂಡೆ. 16,490 ರೂಪಾಯಿ. ಅದೇ ಮಾಡೆಲ್ ನಮ್ಮ ಮಿಕ್ಸರ್ ಕಾಕಾನ ಹತ್ತಿರ 17,200. ಇಲ್ಲಿಗೆ ನಿಂತಿದ್ದರೆ ಶೋರೂಮ್ ಗೆದ್ದ ಹಾಗೆ. ಆದರೆ ನಾನು ಎರಡೂ ಕಡೆ ಇನ್ನೊಂದು ಮಾತು ಕೇಳಿದೆ: ಮನೆಯಲ್ಲಿ ಇಟ್ಟು ಚಾಲೂ ಮಾಡುವವರೆಗೆ ಒಟ್ಟು ಎಷ್ಟು? ಶೋರೂಮ್‌ನಲ್ಲಿ ಸ್ಟ್ಯಾಂಡ್ 600, ಸ್ಟೆಬಿಲೈಸರ್ 1,900, ಒಟ್ಟು 18,990. ಕಾಕಾನ ಹತ್ತಿರ ಸ್ಟ್ಯಾಂಡ್ ಪುಕ್ಕಟೆ, ಸ್ಟೆಬಿಲೈಸರ್ 1,700, ಒಟ್ಟು 18,900. ಎಲ್ಲ ಕೂಡಿ ವ್ಯತ್ಯಾಸ 90 ರೂಪಾಯಿ! ಶೋರೂಮ್‌ನವರು ಹೆಚ್ಚುವರಿ ವಾರಂಟಿ ಅಂತ 1,499 ಸೇರಿಸಿದ್ದರು. ಬೇಡ ಅಂದ ಮೇಲೆ ತೆಗೆದರು. ಅದು ಕಡ್ಡಾಯವಲ್ಲ, ಕೇಳಿದರೆ ತೆಗೆಯುತ್ತಾರೆ. ಕಂಪನಿಯ ವಾರಂಟಿ ಎರಡೂ ಕಡೆ ಒಂದೇ. ಸ್ಟೆಬಿಲೈಸರ್ ಕೂಡ ಎಲ್ಲರಿಗೂ ಬೇಕಂತಿಲ್ಲ. ಫ್ರಿಜ್ ಎಷ್ಟು ವೋಲ್ಟೇಜಿನಿಂದ ಎಷ್ಟರವರೆಗೆ ತಡೆಯುತ್ತದೆ ಅಂತ ಬರೆದಿರುತ್ತದೆ, ಓದಿಸಿ. ಕಾಕಾ ಮೊದಲು ಯಾವ ಓಣಿ ಅಂತ ಕೇಳಿದರು. "ಅಲ್ಲಿ ಸಂಜೀಕ ವೋಲ್ಟೇಜ್ ಭಾಳ ಬೀಳ್ತೈತ್ರಿ, ಹಾಕ್ಕೊಂಡ್ಬಿಡ್ರಿ" ಅಂದರು. ನಮ್ಮ ಮನೆ ಲೈಟ್ ಮಿಣಮಿಣ ಅನ್ನುವುದು ಅವರಿಗೂ ಗೊತ್ತು.

ಆದರೆ ಕಾಕಾ ತೋರಿಸಿದ ಫ್ರಿಜ್ ಹಳೆಯ ಸ್ಟಾಕು. ಮುಂದೆ ಅಂಟಿಸಿದ ಸ್ಟಾರ್ ಚೀಟಿಯನ್ನು ಸುಮ್ನೆ ಎಣಿಸಬೇಡಿ. ಅದರಲ್ಲಿ ಯಾವ ಅವಧಿಯ ಚೀಟಿ ಅಂತ ಇರುತ್ತದೆ. ಫ್ರಿಜ್‌ಗಳ ಸ್ಟಾರ್ ಲೆಕ್ಕ ಆಗಾಗ ಬಿಗಿ ಮಾಡುತ್ತಾರೆ, 2023ರ ಜನವರಿಯಲ್ಲೂ ಮಾಡಿದರು. ಅದಕ್ಕೂ ಮುಂಚಿನ ಸ್ಟಾರ್, ಈಗಿನ ಸ್ಟಾರ್ ಒಂದೇ ಅಲ್ಲ. ಸ್ಟಾರ್‌ಗಿಂತ ಅದರ ಕೆಳಗಿನ ಯೂನಿಟ್ ಲೆಕ್ಕ ನೋಡಿ. ನಾನು ಕೊನೆಗೆ ತಂದದ್ದರಲ್ಲಿ ವರ್ಷಕ್ಕೆ 168 ಅಂತಿದೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 14. ಗೃಹಜ್ಯೋತಿ ಇರುವ ಮನೆಯವರು ಈ ಲೆಕ್ಕ ಮಾಡಲೇಬೇಕು. ಪುಕ್ಕಟೆ ಯೂನಿಟ್ ಎಲ್ಲರಿಗೂ 200 ಅಲ್ಲ. 2022-23ರಲ್ಲಿ ನಿಮ್ಮ ಮನೆಯಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿದಿತ್ತೋ ಅದರ ಮೇಲೆ ನಿಂತಿದೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಹೆಸ್ಕಾಂಗೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. "ಹೊಸಾ ಮಾಲು ತರಿಸಿಕೊಡ್ರಿ, ಎರಡು ದಿನ ತಡೀತೀನಿ" ಅಂತ ಕಾಕಾನಿಗೆ ಹೇಳಿದೆ. ತರಿಸಿಕೊಟ್ಟರು. ಸಣ್ಣ ಅಂಗಡಿಯಲ್ಲಿ ಹೀಗೆ ಕೇಳಲು ನಾಚಿಕೆ ಪಡಬಾರದು.

ಸಣ್ಣ ಅಂಗಡಿಯಲ್ಲಿ ರೇಟು ಕೇಳುವುದಕ್ಕೂ ಹೊತ್ತು ಇದೆ. ಸಂಜೆ ಏಳಕ್ಕೆ ಹೋದರೆ ಮಾಲಕರಿಗೆ ಪುರುಸೊತ್ತಿಲ್ಲ, ಕೆಲಸದ ಹುಡುಗನಿಗೆ ಬಿಡುವ ಅಧಿಕಾರವಿಲ್ಲ. ಬೆಳಿಗ್ಗೆ ಬೋಣಿ ಹೊತ್ತಿಗೆ ಹೋಗಿ, ಮಾಲಕರೇ ಇರುತ್ತಾರೆ. ಇಲ್ಲಿ ಉದ್ರಿಯೂ ಸಿಗುತ್ತದೆ. ಆದರೆ ಹೇಳಿದ ದಿನಕ್ಕೆ ಕೊಟ್ಟರೆ ಮಾತ್ರ ಮುಂದಿನ ಸಲ ಫೋನ್ ಎತ್ತುತ್ತಾರೆ. ಶೋರೂಮ್‌ನ ಬಡ್ಡಿ ಇಲ್ಲದ ಕಂತು ಒಳ್ಳೆಯದೇ. ಪ್ರೊಸೆಸಿಂಗ್ ಫೀ ಎಷ್ಟು, ಪೂರ್ತಿ ರೊಕ್ಕ ಈಗಲೇ ಕೊಟ್ಟರೆ ಎಷ್ಟು ಬಿಡುತ್ತೀರಿ, ಇವೆರಡನ್ನು ಕೇಳಿ ಆಮೇಲೆ ಸಹಿ ಮಾಡಿ.

ಕೂಲರ್ ಮಾತ್ರ ನಾನು ಊರಲ್ಲಿ ಮಾಡಿದ ತಗಡಿನದನ್ನೇ ತರುತ್ತೇನೆ. ನಮ್ಮ ಬೋರ್ ನೀರು ಬಲು ಗಡಸು. ಒಂದು ಬೇಸಿಗೆಗೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಪಂಪು ಹಿಡಿದುಕೊಳ್ಳುತ್ತದೆ. ತಗಡಿನ ಕೂಲರಿಗೆ ಯಾವ ಪಂಪಾದರೂ ಹೊಂದುತ್ತದೆ, ಹುಲ್ಲಿನ ಪ್ಯಾಡ್ ಪ್ರತಿ ವರ್ಷ ಹೊಸದು ಹಾಕಿದರಾಯಿತು. ಆದರೆ ತಗಡಿಗೆ ಕರೆಂಟು ಹಿಡಿದರೆ ಜೀವಕ್ಕೇ ಅಪಾಯ. ಮೂರು ಪಿನ್ನಿನ ಪ್ಲಗ್ ಇರಬೇಕು, ಮನೆಯ ಅರ್ಥಿಂಗ್ ಸರಿ ಇರಬೇಕು. ನೀರು ಹಾಕುವ ಮುಂಚೆ ಪ್ಲಗ್ಗೇ ಕಿತ್ತುಬಿಡಿ.

ಸೋಪಿನ ಪುಡಿ, ಪಾತ್ರೆ ಸಾಬೂನು, ಎಣ್ಣೆ ಡಬ್ಬಿ ಇಂಥವು ದೊಡ್ಡ ಅಂಗಡಿಯಲ್ಲೇ ಅಗ್ಗ. ಎಂಆರ್‌ಪಿ ನೋಡಿ ತನ್ನಿ, ಅಷ್ಟೇ. ಜೋಳ ಹಾಗಲ್ಲ. ರೊಟ್ಟಿಗೆ ಹೆಸರಾದ ಮಾಲದಂಡಿ ಜೋಳ ಅಂತ ಪ್ಯಾಕೆಟ್ ಮೇಲೆ ಬರೆದ ಮಾತ್ರಕ್ಕೆ ಮಾಲದಂಡಿ ಆಗುವುದಿಲ್ಲ. ನನ್ನ ಕಾಳಿನ ಅಂಗಡಿಯಲ್ಲಿ ಮೊದಲು ಒಂದು ಕೆ.ಜಿ. ತಂದು ಬೀಸಿಸುತ್ತೇನೆ, ನಾಲ್ಕು ರೊಟ್ಟಿ ಬಡಿಯುತ್ತೇನೆ. ಹಿಟ್ಟಿಗೆ ಜಿಗಿ ಇದ್ದು ಅಂಚು ಹರಿಯದಿದ್ದರೆ ಚೀಲ ತರಿಸುತ್ತೇನೆ. ಈ ಸೌಲಭ್ಯ ಯಾವ ದೊಡ್ಡ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ.

ಕಡೆಗೆ, ಮಾಲು ಮನೆಗೆ ಬಂದಾಗ. ಎಂಟು ವರ್ಷದ ಹಿಂದೆ ಖಾನಾವಳಿಗೆ ಒಂದು ಫ್ರಿಜ್ ಶೋರೂಮ್‌ನಿಂದ ಬಂತು. ಗಡಿಬಿಡಿಯಲ್ಲಿ ಸಹಿ ಹಾಕಿ ಕಳಿಸಿದೆ. ಪೆಟ್ಟಿಗೆ ಬಿಚ್ಚಿದರೆ ಬಾಗಿಲು ತಗ್ಗು ಬಿದ್ದಿತ್ತು. ಚೆನ್ನಾಗಿದೆ ಅಂತ ನಾನೇ ಸಹಿ ಹಾಕಿದ್ದೆ, ಬದಲಿಸಿಕೊಡಲಿಲ್ಲ. ಈಗ ಗಾಡಿಯ ಹುಡುಗರಿಗೆ ಚಹಾ ಕೊಟ್ಟು ಕೂರಿಸುತ್ತೇನೆ. ಅವರೆದುರೇ ಪೆಟ್ಟಿಗೆ ಬಿಚ್ಚಿಸಿ, ನಾಲ್ಕೂ ಕಡೆ ನೋಡಿ, ಫೋಟೊ ತೆಗೆದು, ಆಮೇಲೆ ಸಹಿ. ಬಿಲ್‌ನದೂ ಅವತ್ತೇ ಝೆರಾಕ್ಸ್ ಮಾಡಿಸಿಡಿ. ಮಷಿನ್‌ನಲ್ಲಿ ಬರುವ ನುಣುಪು ಕಾಗದದ ಬಿಲ್ ದಿನ ಕಳೆದಂತೆ ಮಾಸುತ್ತದೆ. ನಮ್ಮಲ್ಲಿ ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದ್ದು ಆರು ತಿಂಗಳಿಗೇ ಓದಲು ಬರಲಿಲ್ಲ.