ಆರತಿ ತಟ್ಟೆಯಿಂದ ಮತದಾರರ ಪಟ್ಟಿಗೆ

2013ರ ಏಪ್ರಿಲ್. ವಿಧಾನಸಭೆ ಚುನಾವಣೆ ಹತ್ತಿರ ಬಂದಿತ್ತು. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿರುವ ನಮ್ಮೂರಿಗೆ ಪಕ್ಷದ ದೊಡ್ಡ ನಾಯಕರೊಬ್ಬರು ಬರುವವರಿದ್ದರು. ಹಿಂದಿನ ಸಂಜೆ ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಹೇಳಿ ಕಳಿಸಿದರು. ಐವತ್ತು ಜನ ಹೆಂಗಸರು ಬೇಕು, ಎಲ್ಲರೂ ಒಂದೇ ಬಣ್ಣದ ಸೀರೆ ಉಟ್ಟಿರಬೇಕು, ಕೈಯಲ್ಲಿ ಕಳಶ ಇರಬೇಕು. ನನ್ನ ಪಾಲಿಗೆ ಬಂದಿದ್ದು ಆರತಿ ತಟ್ಟೆ.

ಬೆಳಿಗ್ಗೆ ಹತ್ತಕ್ಕೆ ಬರಬೇಕಾದವರು ಬಂದಿದ್ದು ಮಧ್ಯಾಹ್ನ ಎರಡೂವರೆಗೆ. ಅಷ್ಟು ಹೊತ್ತೂ ಬಿಸಿಲಲ್ಲಿ ನಿಂತಿದ್ದೆವು. ಆರತಿ ಎತ್ತಿದ್ದಾಯಿತು, ಅವರು ಕೈ ಮುಗಿದು ಮುಂದೆ ಹೋಗಿದ್ದಾಯಿತು. ನಾನು ವೇದಿಕೆ ಕಡೆ ನೋಡಿ ಕುರ್ಚಿ ಎಣಿಸಿದೆ. 22 ಕುರ್ಚಿ. ಒಂದರಲ್ಲೂ ಹೆಂಗಸಿರಲಿಲ್ಲ. ಕೆಳಗೆ ಕೂತವರಲ್ಲಿ ಮುಕ್ಕಾಲು ಪಾಲು ನಾವೇ.

ರಾತ್ರಿ ಅತ್ತೆ ಹತ್ತಿರ ಹೇಳಿಕೊಂಡೆ. ಅತ್ತೆ 1987ರಲ್ಲಿ ಮಂಡಲ ಪಂಚಾಯಿತಿ (ಈಗಿನ ಗ್ರಾಮ ಪಂಚಾಯಿತಿಗೂ ಮೊದಲು ಇದ್ದದ್ದು) ಸದಸ್ಯೆ ಆಗಿದ್ದವರು. ಆಗ ರಾಮಕೃಷ್ಣ ಹೆಗಡೆ ಸರ್ಕಾರ, ನಜೀರ್ ಸಾಬ್ ಪಂಚಾಯತ್ ಮಂತ್ರಿ. ಪಂಚಾಯಿತಿಗಳಲ್ಲಿ ಹೆಂಗಸರಿಗೆ ಸೀಟು ಮೀಸಲಿಟ್ಟ ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಬಂದಿದ್ದು 1993ರಲ್ಲಿ. ಅದಕ್ಕೂ ಮೊದಲೇ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಶೇ. 25 ಸೀಟು ಇಟ್ಟಿದ್ದರು. ಅಂಥ ಒಂದು ಸೀಟಿನಿಂದ ಅತ್ತೆ ಗೆದ್ದಿದ್ದರು. ನನ್ನ ಮಾತು ಕೇಳಿ ಅವರು ಹೇಳಿದರು, "ನಾನು ಅವಧಿ ಪೂರ್ತಿ ಸಹಿ ಹಾಕ್ದೆ ಕಣೆ. ಏನಕ್ಕೆ ಹಾಕ್ತಿದೀನಿ ಅಂತ ಒಂದಿನ ಓದ್ಲಿಲ್ಲ. ನಿಂಗೆ ಪುಸ್ತಕ ಬರೆಯೋಕೆ ಬರ್ತದಲ್ಲ, ಅದನ್ನ ಹಿಡ್ಕೊ."

ಪುಸ್ತಕ ಅಂದರೆ ಸಂಘದ ಲೆಕ್ಕದ ಪುಸ್ತಕ. ಹತ್ತು ವರ್ಷದಿಂದ ಅದನ್ನು ಬರೆಯುತ್ತಿದ್ದವಳು ನಾನು. ವಾರದ ಉಳಿತಾಯ, ಸಾಲ, ಬಡ್ಡಿ, ಯಾರ ಕಂತು ಬಾಕಿ ಎಲ್ಲ ಬಾಯಲ್ಲೇ ಇರುತ್ತಿತ್ತು. ಪಕ್ಷದಲ್ಲಿ ಅಂಥ ಪುಸ್ತಕ ಯಾವುದು ಅಂತ ಹುಡುಕಿದೆ. ಬಹಳ ದಿನ ಹಿಡಿಯಲಿಲ್ಲ. ಅದು ಮತದಾರರ ಪಟ್ಟಿ.

ಆ ವರ್ಷದ ಕೊನೆಯಲ್ಲಿ ಲೋಕಸಭೆ ಚುನಾವಣೆಗೆ ಮೊದಲು ಪಟ್ಟಿ ಪರಿಷ್ಕರಣೆ ನಡೆಯಿತು. ಪ್ರತಿ ಬೂತಿಗೂ ಸರ್ಕಾರದ ಕಡೆಯಿಂದ ಬೂತ್ ಮಟ್ಟದ ಅಧಿಕಾರಿ, ಅಂದರೆ ಒಬ್ಬ ಬಿಎಲ್‌ಒ ಇರುತ್ತಾರೆ. ಪಕ್ಷಗಳೂ ತಮ್ಮ ಕಡೆಯಿಂದ ಒಬ್ಬೊಬ್ಬ ಬೂತ್ ಮಟ್ಟದ ಏಜೆಂಟನ್ನು ನೇಮಿಸಬಹುದು. ನಮ್ಮ ಬೂತಿಗೆ ಹೆಸರಿಗೆ ಒಬ್ಬರಿದ್ದರು, ಅವರಿಗೆ ಆಸಕ್ತಿ ಇರಲಿಲ್ಲ. ನಾನು ಮಾಡ್ತೀನಿ ಅಂದೆ. ಯಾರೂ ಬೇಡ ಅನ್ನಲಿಲ್ಲ. ಯಾರಿಗೂ ಬೇಡದ ಕೆಲಸ ಅದು. ಹಾಗಾಗಿಯೇ ನನಗೆ ಸಿಕ್ಕಿತು.

ಪಟ್ಟಿಯಲ್ಲಿ 1,064 ಹೆಸರು. ಒಂದು ಪ್ರತಿ ಜೆರಾಕ್ಸ್ ಮಾಡಿಸಿ ದಾರದಲ್ಲಿ ಹೊಲಿದುಕೊಂಡೆ. ಮನೆ ಮನೆಗೆ ಹೊರಟಾಗ ಒಂದು ವಿಷಯ ಗೊತ್ತಾಯಿತು. ಈ ಪಟ್ಟಿ ಸರಿ ಮಾಡೋಕೆ ಬೇಕಾದ ತಿಳಿವಳಿಕೆ ಎಲ್ಲ ಹೆಂಗಸರ ಹತ್ತಿರವೇ ಇದೆ. ಯಾವ ಮನೆಗೆ ಯಾವ ಊರಿಂದ ಸೊಸೆ ಬಂದಳು, ಯಾವ ಮಗಳು ಕೊಟ್ಟ ಮನೆಗೆ ಹೋದಳು, ಯಾರ ಅಜ್ಜಿ ತೀರಿಕೊಂಡರು, ಯಾರು ಪೀಣ್ಯದ ಗಾರ್ಮೆಂಟ್ಸಿಗೆ ಹೋಗಿ ಅಲ್ಲೇ ಮನೆ ಮಾಡಿದರು. ಗಂಡಸರನ್ನು ಕೇಳಿದರೆ "ಎಲ್ಲ ಸರಿಯಾಗೈತೆ ಬಿಡಮ್ಮ" ಅಂದುಬಿಡುತ್ತಿದ್ದರು. ಅದೇ ಮನೆಯ ಹಿತ್ತಲಿಗೆ ಹೋಗಿ ಕೇಳಿದರೆ ಐದು ನಿಮಿಷದಲ್ಲಿ ನಾಲ್ಕು ತಪ್ಪು ಸಿಗುತ್ತಿದ್ದವು.

ಸೊಸೆಯಂದಿರ ಹೆಸರೇ ಜಾಸ್ತಿ ಬಿಟ್ಟು ಹೋಗಿದ್ದು. ಮದುವೆಯಾಗಿ ಮೂರು ವರ್ಷ ಆಗಿರುತ್ತದೆ, ಕೈಯಲ್ಲಿ ಮಗು ಇರುತ್ತದೆ, ಹೆಸರು ಮಾತ್ರ ಇನ್ನೂ ತವರಿನ ಪಟ್ಟಿಯಲ್ಲಿ. ಮತದಾನದ ದಿನ ತವರಿಗೆ ಯಾರು ಕಳಿಸುತ್ತಾರೆ? ಹಾಗೆ ನಮ್ಮ ಒಂದು ಬೂತಿನಲ್ಲೇ 63 ಹೆಣ್ಣುಮಕ್ಕಳು ಸಿಕ್ಕರು. ಹೆಸರು ಸೇರಿಸಲು ಫಾರಂ 6 ತುಂಬಿಸಿದೆ. ತೀರಿಕೊಂಡವರಿಗೆ ಫಾರಂ 7, ಹೆಸರು ವಯಸ್ಸು ತಪ್ಪಿದ್ದಕ್ಕೆ ಫಾರಂ 8. ನಮ್ಮ ಬಿಎಲ್‌ಒ ಅಂಗನವಾಡಿ ಮೇಡಂ. ಸಂಜೆ ಅಂಗನವಾಡಿ ಜಗಲಿಯಲ್ಲಿ ಕೂತು ಇಬ್ಬರೂ ಒಂದೊಂದೇ ಅರ್ಜಿ ನೋಡುತ್ತಿದ್ದೆವು. ಯಾವ ಪಕ್ಷದ ಮನೆ ಅಂತ ನೋಡಲಿಲ್ಲ. ಎದುರು ಪಕ್ಷದವರ ಸೊಸೆಗೂ ಬರೆದುಕೊಟ್ಟೆ. ಈಗಲೂ ಹಾಗೇ ಮಾಡುತ್ತೇನೆ.

ಆರು ತಿಂಗಳಲ್ಲಿ ವ್ಯತ್ಯಾಸ ಕಂಡಿತು. ತಾಲೂಕು ಮಟ್ಟದ ಮುಖಂಡರು ನಮ್ಮೂರಿಗೆ ಬಂದರೆ ಮೊದಲು ನನ್ನನ್ನು ಕರೆಯತೊಡಗಿದರು. "ಆ ಬೀದೀಲಿ ಎಷ್ಟು ವೋಟಮ್ಮ?" ಅಂದರೆ ಪುಸ್ತಕ ತೆಗೆಯದೆ ಹೇಳುತ್ತಿದ್ದೆ. ಕುರ್ಚಿ ಕೊಡಿ ಅಂತ ಕೇಳಬೇಕಾಗಲಿಲ್ಲ.

2016ರ ಫೆಬ್ರವರಿಯಲ್ಲಿ ತಾಲೂಕು ಪಂಚಾಯಿತಿ ಚುನಾವಣೆ ಬಂತು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇರುವುದಿಲ್ಲ, ತಾಲೂಕು ಜಿಲ್ಲಾ ಪಂಚಾಯಿತಿಗೆ ಇರುತ್ತದೆ. ಅಂದರೆ ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಬರೆದುಕೊಡುವ ಬಿ ಫಾರಂ ಬೇಕು. ಕರ್ನಾಟಕದಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲು. ನಮ್ಮ ಕ್ಷೇತ್ರ ಸಾಮಾನ್ಯ ಮಹಿಳೆಗೆ ಬಂತು. ಮೀಸಲಾತಿ ಪಟ್ಟಿ ಬಂದ ದಿನವೇ ಮೂರು ಹೆಸರು ಓಡಾಡಿದವು. ಮೂರೂ "ಇಂಥವರ ಮಿಸೆಸ್ಸು" ಅಂತಲೇ. ಆ ಹೆಣ್ಣುಮಕ್ಕಳ ಸ್ವಂತ ಹೆಸರು ಕೂಡ ಯಾರ ಬಾಯಲ್ಲೂ ಬರಲಿಲ್ಲ.

ನಾನು ಅರ್ಜಿ ಹಾಕಿದೆ. ಕಚೇರಿಗೆ ಹೋದರೆ ಒಬ್ಬ ಮುಖಂಡರು, "ಯಜಮಾನ್ರನ್ನ ಕಳ್ಸಮ್ಮ, ಕೂತು ಮಾತಾಡಣ" ಅಂದರು. ನಮ್ಮ ಮನೆಯವರು ಹೊರಗೆ ಬೈಕ್ ಹತ್ತಿರವೇ ನಿಂತಿದ್ದರು. ನಾನು ಕರೆಯಲಿಲ್ಲ. "ಸೀಟು ಬಂದಿರೋದು ಮಹಿಳೆಗೆ, ಅರ್ಜಿ ಹಾಕಿರೋದು ನಾನು, ನನ್ನ ಹತ್ರಾನೇ ಮಾತಾಡಿ ಅಣ್ಣ" ಅಂದೆ. ಆಮೇಲೆ ಚೀಲದಿಂದ ಹನ್ನೊಂದು ಬೂತಿನ ಪಟ್ಟಿ ತೆಗೆದು ಮೇಜಿನ ಮೇಲೆ ಇಟ್ಟೆ. ಪ್ರತಿ ಬೂತಿಗೂ ಇಬ್ಬರು ಹೆಂಗಸರ ಹೆಸರು ಬರೆದಿದ್ದೆ. ಯಾರು ಮನೆ ಮನೆಗೆ ಹೋಗುತ್ತಾರೆ, ಯಾರು ಏಜೆಂಟ್ ಆಗಿ ಕೂರುತ್ತಾರೆ ಅಂತ. ಅವರು ಹಾಳೆ ತಿರುವುತ್ತಾ ಹೋದರು. ಬಿ ಫಾರಂ ಕೈಗೆ ಬಂದಿದ್ದು ಕೊನೆ ದಿನ ಮಧ್ಯಾಹ್ನ. ಅಲ್ಲಿವರೆಗೂ ಒಂದು ತುತ್ತು ಗಂಟಲಲ್ಲಿ ಇಳಿದಿರಲಿಲ್ಲ.

ಗೆದ್ದೆ. ತಾಲೂಕು ಪಂಚಾಯಿತಿಯಲ್ಲಿ ಅನುದಾನ ಕಡಿಮೆ, ಅಧಿಕಾರವೂ ಕಡಿಮೆ, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಸದಸ್ಯೆಯರ ಬದಲು ಗಂಡಂದಿರು ಸಭೆಗೆ ಬಂದು ಕೂರುವ ಅಭ್ಯಾಸ ಇತ್ತು. ನಾವು ಐದು ಜನ ಹೆಂಗಸರು ಸೇರಿ ಮಾತಾಡಿಕೊಂಡೆವು. ಗಂಡಂದಿರ ಜೊತೆ ಜಗಳ ಆಡಲಿಲ್ಲ. ಸಭೆಗೆ ಹದಿನೈದು ನಿಮಿಷ ಮೊದಲೇ ಹೋಗಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತುಬಿಡುತ್ತಿದ್ದೆವು. ಬರದೆ ಇದ್ದ ಸದಸ್ಯೆಯ ಮನೆಗೆ ನಾವೇ ಹೋಗಿ ಕರೆದುಕೊಂಡು ಬರುತ್ತಿದ್ದೆವು. ನಾಲ್ಕನೇ ಸಭೆ ಹೊತ್ತಿಗೆ ಗಂಡಂದಿರು ಹೊರಗೆ ಟೀ ಅಂಗಡಿಯಲ್ಲಿ ಉಳಿದರು.

ಇನ್ನು ಮತದಾನದ ದಿನ ಅಭ್ಯರ್ಥಿಯ ಕಡೆಯ ಏಜೆಂಟ್ ಆಗಿ ಬೂತ್ ಒಳಗೆ ಕೂರುವ ಕೆಲಸ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೆಂಗಸರು ಇದಕ್ಕೆ ಹೆದರುತ್ತಾರೆ.

2018ರ ಮೇ 12, ವಿಧಾನಸಭೆ ಚುನಾವಣೆ. ಮತದಾನ ಏಳಕ್ಕೆ, ಆದರೆ ಏಜೆಂಟ್ ಐದೂವರೆಗೇ ಇರಬೇಕು. ಮೊದಲು ಅಣಕು ಮತದಾನ. ಕನಿಷ್ಠ 50 ಮತ ಹಾಕಿ, ಯಂತ್ರದ ಲೆಕ್ಕ ಸರಿ ಬರುತ್ತದಾ ಅಂತ ನೋಡುತ್ತಾರೆ. ಆಮೇಲೆ ಅದನ್ನು ಅಳಿಸಬೇಕು. ಹಾಕಿದ ಮತಕ್ಕೆ ಚೀಟಿ ಮುದ್ರಿಸುವ ಯಂತ್ರವಾದ ವಿವಿಪ್ಯಾಟ್‌ನಲ್ಲಿ ಬಿದ್ದ ಚೀಟಿಗಳನ್ನೂ ತೆಗೆದು ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಬೇಕು. ಆ ದಿನ ಅಧಿಕಾರಿಗಳು ಗಡಿಬಿಡಿಯಲ್ಲಿದ್ದರು. ಚೀಟಿ ತೆಗೆದರು, ಯಂತ್ರ ಅಳಿಸುವುದು ಮರೆತರು. ನಾನು ಕೇಳಿದೆ, "ಸರ್, ಟೋಟಲ್ ಒತ್ತಿ ತೋರಿಸ್ತೀರಾ? ಸೊನ್ನೆ ಬರಬೇಕು." ಒತ್ತಿದರು. 50 ಅಂತ ಬಂತು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಎದುರು ಪಕ್ಷದ ಏಜೆಂಟ್ ನಮ್ಮ ಊರಿನವರೇ, ವಯಸ್ಸಾದವರು. "ಒಳ್ಳೇದು ಕೇಳ್ದೆ ಬಿಡವ್ವ" ಅಂದರು. ಅಳಿಸಿ, ಸೊನ್ನೆ ತೋರಿಸಿ, ಎಲ್ಲರ ಸಹಿ ತಗೊಂಡು ಸೀಲ್ ಹಾಕಿದರು. ಅಧಿಕಾರಿಯನ್ನು ನಾನು ದೂರುವುದಿಲ್ಲ. ಹಿಂದಿನ ದಿನದಿಂದ ಅವರೂ ಶಾಲೆಯ ನೆಲದ ಮೇಲೆ ಮಲಗಿದ್ದವರು.

ಹೊಸದಾಗಿ ಕೂರುವವರಿಗೆ ನಾನು ಹೇಳುವುದು ಇಷ್ಟು. ಒಬ್ಬ ಅಭ್ಯರ್ಥಿಗೆ ಒಬ್ಬ ಏಜೆಂಟ್, ಜೊತೆಗೆ ಇಬ್ಬರು ಬದಲಿ ಏಜೆಂಟರು ಇರಬಹುದು. ಮೂವರನ್ನೂ ಹೆಂಗಸರನ್ನೇ ಮಾಡಿ, ಪಾಳಿ ಹಂಚಿಕೊಳ್ಳಿ. ಶೌಚಾಲಯಕ್ಕೆ ಶಾಲೆ ಪಕ್ಕದ ಮನೆಯವರ ಹತ್ತಿರ ಹಿಂದಿನ ದಿನವೇ ಮಾತಾಡಿಟ್ಟುಕೊಳ್ಳಿ. ಎಷ್ಟೋ ಜನ ಇದೊಂದೇ ಕಾರಣಕ್ಕೆ ಏಜೆಂಟ್ ಆಗಲು ಒಪ್ಪುವುದಿಲ್ಲ, ಆದರೆ ಬಾಯಿ ಬಿಟ್ಟು ಹೇಳುವುದಿಲ್ಲ. ಸಂಜೆ ಯಂತ್ರ ಮುಚ್ಚಿದ ಮೇಲೆ 17ಸಿ ಅಂತ ಒಂದು ನಮೂನೆ ಬರೆಯುತ್ತಾರೆ. ಒಟ್ಟು ಎಷ್ಟು ಮತ ಬಿತ್ತು ಅನ್ನುವ ಲೆಕ್ಕ ಅದರಲ್ಲಿರುತ್ತದೆ. ಅದರ ಪ್ರತಿ ಕೈಗೆ ಬರುವ ತನಕ ಜಾಗ ಬಿಟ್ಟು ಏಳಬೇಡಿ. ಎಣಿಕೆ ದಿನ ಯಂತ್ರದ ಲೆಕ್ಕದ ಜೊತೆ ತಾಳೆ ನೋಡಲು ಪಕ್ಷದ ಕೈಯಲ್ಲಿರುವುದು ಅದೊಂದೇ ಹಾಳೆ.

ಪಕ್ಷದ ಪದಾಧಿಕಾರಿಗಳ ಪಟ್ಟಿ ಮಾಡುವಾಗ ನನ್ನನ್ನು ಮಹಿಳಾ ಘಟಕಕ್ಕೆ ಹಾಕಿದರು. ಬೇಡ ಅಂದೆ. ಮಹಿಳಾ ಘಟಕ ಕೀಳು ಅಂತ ಅಲ್ಲ. ಟಿಕೆಟ್ ಯಾರಿಗೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ, ಕೇಳುವುದು ಮುಖ್ಯ ಸಮಿತಿಯಲ್ಲಿ. ಒಂದು ವರ್ಷ ಕಾದ ಮೇಲೆ ಮುಖ್ಯ ಸಮಿತಿಗೆ ತಗೊಂಡರು. ಅಲ್ಲಿ ಸಭೆ ನಡೆಯುತ್ತಿದ್ದುದು ರಾತ್ರಿ ಎಂಟರ ಮೇಲೆ, ಊರಾಚೆಯ ತೋಟದ ಮನೆಯಲ್ಲಿ. ಮೊದಲ ಸಭೆಯಲ್ಲೇ ಕೇಳಿದೆ: ಹಗಲು ಹನ್ನೊಂದಕ್ಕೆ ಪಕ್ಷದ ಕಚೇರಿಯಲ್ಲೇ ಯಾಕೆ ಕೂರಬಾರದು? ಗೊಣಗಿದರು, ಆದರೆ ಮಾಡಿದರು. ಆಮೇಲೆ ಇನ್ನೂ ಇಬ್ಬರು ಹೆಂಗಸರು ಬರತೊಡಗಿದರು.

ನನ್ನ ಬಗ್ಗೆ ಊರಲ್ಲಿ ಏನೇನೋ ಮಾತು ಹುಟ್ಟಿದವು. ಯಾರ ಕಾರಿನಲ್ಲಿ ಬಂದಳು, ಯಾರ ಜೊತೆ ಫೋಟೋ. ನೋವಾಗುತ್ತಿತ್ತು, ಈಗಲೂ ಆಗುತ್ತದೆ. ಮನೆಯವರು ಒಂದೇ ಮಾತು ಅಂದರು, "ನಂಗೆ ಗೊತ್ತು, ನೀನು ಹೋಗು." ಅಷ್ಟು ಸಾಕಾಯಿತು ನನಗೆ. ಆ ಮಾತು ಹೇಳುವ ಮನೆ ಎಲ್ಲರಿಗೂ ಇರುವುದಿಲ್ಲ ಅಂತಲೂ ಗೊತ್ತು. ಒಳ್ಳೆಯ ಮೂವರು ಹುಡುಗಿಯರು ಇದೇ ಕಾರಣಕ್ಕೆ ಬಿಟ್ಟು ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

2021ರಲ್ಲಿ ನಮ್ಮ ಅವಧಿ ಮುಗಿಯಿತು. ಮರುಚುನಾವಣೆ ಆಗಬೇಕಿತ್ತು, ಆಗಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳೇ ಉರುಳಿದವು. ಇದು ಹೆಂಗಸರಿಗೆ ಎಷ್ಟು ದೊಡ್ಡ ಪೆಟ್ಟು ಅಂತ ಯಾರೂ ಜಾಸ್ತಿ ಮಾತಾಡುವುದಿಲ್ಲ. ಪಕ್ಷದ ಚಿಹ್ನೆಯ ಮೇಲೆ ನಿಂತು, ಭಾಷಣ ಮಾಡಿ, ಬೂತ್ ಕಟ್ಟಿ ಕಲಿಯುವ ಜಾಗ ನಮಗೆ ಇದ್ದದ್ದು ಅಲ್ಲೇ. ಅಲ್ಲಿ ಅರ್ಧ ಜನ ನಾವೇ ಇದ್ದೆವು. ಗ್ರಾಮ ಪಂಚಾಯಿತಿಗೂ ವಿಧಾನಸಭೆಗೂ ನಡುವಿನ ಆ ಮೆಟ್ಟಿಲೇ ಇಲ್ಲ ಅಂದರೆ ಕೆಳಗಿನವಳು ಮೇಲೆ ಹತ್ತುವುದು ಹೇಗೆ?

2023ರಲ್ಲಿ ವಿಧಾನಸಭೆ ಟಿಕೆಟ್ ಕೇಳಿದೆ. ಸಿಗುವುದಿಲ್ಲ ಅಂತ ಎಲ್ಲರೂ ಹೇಳಿದ್ದರು. ಆದರೂ ಹಾಕಿದೆ. ನಮ್ಮ ತಾಲೂಕಿನಿಂದ ಒಬ್ಬ ಹೆಂಗಸಿನ ಹೆಸರು ಆ ಪಟ್ಟಿಯಲ್ಲಿ ಇರಬೇಕು ಅಂತ ಅನಿಸಿತ್ತು. ಸಂದರ್ಶನದಲ್ಲಿ ಮೊದಲ ಪ್ರಶ್ನೆ, "ಎಷ್ಟು ಹಾಕ್ತೀರಿ?" ಕಾನೂನಿನ ಪ್ರಕಾರ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ. ಅಷ್ಟನ್ನೂ ತರಲು ನನ್ನಿಂದ ಆಗುವುದಿಲ್ಲ ಅಂತ ನೇರವಾಗಿ ಹೇಳಿದೆ. ಬೂತ್ ಪಟ್ಟಿ ತೋರಿಸಿದೆ. ಈ ಸಲ ಯಾರೂ ಹಾಳೆ ತಿರುವಲಿಲ್ಲ. ಎರಡು ನಿಮಿಷದಲ್ಲಿ ಮುಗಿಯಿತು.

ಆ ಚುನಾವಣೆಯಲ್ಲಿ 224 ಸೀಟಿಗೆ ಗೆದ್ದ ಹೆಂಗಸರು 10 ಜನ. ಮರುವರ್ಷ ಲೋಕಸಭೆಗೆ ರಾಜ್ಯದ 28ರಲ್ಲಿ ಮೂವರು: ಶೋಭಾ ಕರಂದ್ಲಾಜೆ, ಪ್ರಭಾ ಮಲ್ಲಿಕಾರ್ಜುನ್, ಪ್ರಿಯಾಂಕಾ ಜಾರಕಿಹೊಳಿ. ಇವರಲ್ಲಿ ಇಬ್ಬರು ಸಚಿವರ ಮನೆಯವರು. ಅದು ಅವರ ತಪ್ಪಲ್ಲ, ಆದರೆ ಅಂಥ ಮನೆ ಇಲ್ಲದವಳಿಗೆ ಬಾಗಿಲು ಎಷ್ಟು ಕಿರಿದು ಅಂತ ಅದರಿಂದ ಗೊತ್ತಾಗುತ್ತದೆ ಅಲ್ವಾ? ನಮ್ಮ ರಾಜ್ಯ ಹೆಂಗಸರನ್ನು ಗೆಲ್ಲಿಸದ ರಾಜ್ಯ ಏನಲ್ಲ. 1978ರಲ್ಲಿ ಚಿಕ್ಕಮಗಳೂರು ಇಂದಿರಾ ಗಾಂಧಿಯವರನ್ನು ಗೆಲ್ಲಿಸಿತು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು ನಿಂತರು. ಸುಷ್ಮಾ ಅವರು ಕನ್ನಡ ಕಲಿತು ಭಾಷಣ ಮಾಡಿದ್ದನ್ನು ನಮ್ಮಜ್ಜಿ ಬಹಳ ದಿನ ನೆನೆಸಿಕೊಳ್ಳುತ್ತಿದ್ದರು. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಲ್ಲೇ ವಿಧಾನಸಭೆಯ ಸ್ಪೀಕರ್ ಆದರು. ಅವರಾದ ಮೇಲೆ ಆ ಕುರ್ಚಿಯಲ್ಲಿ ಇನ್ನೊಬ್ಬ ಹೆಂಗಸು ಕೂತಿಲ್ಲ.

2023ರ ಸೆಪ್ಟೆಂಬರಿನಲ್ಲಿ ಲೋಕಸಭೆ, ವಿಧಾನಸಭೆಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಭಾಗ ಸೀಟು ಮೀಸಲಿಡುವ ಮಸೂದೆ ಲೋಕಸಭೆಯಲ್ಲಿ 454 ಮತದಿಂದ ಪಾಸಾಯಿತು. ವಿರೋಧ ಎರಡೇ. ದೇವೇಗೌಡರು ಪ್ರಧಾನಿ ಆಗಿದ್ದಾಗ 1996ರಲ್ಲಿ ಮೊದಲು ತಂದಿದ್ದ ಮಸೂದೆಗೆ ಇಷ್ಟು ವರ್ಷ ಹಿಡಿಯಿತು. ಜನಗಣತಿ, ಆಮೇಲೆ ಕ್ಷೇತ್ರ ಮರುವಿಂಗಡಣೆ, ಆಮೇಲೆ ಜಾರಿ ಅಂತ ಅದರಲ್ಲೇ ಬರೆದರು. ಟಿವಿ ಮುಂದೆ ಕೂತು ನಾನು ಖುಷಿಪಟ್ಟೆ. ಜೊತೆಗೆ ನಮ್ಮ ಕಚೇರಿಯಲ್ಲಿ ಓಡಾಡಿದ ಆ ಮೂರು ಮಿಸೆಸ್ಸುಗಳ ಪಟ್ಟಿಯೂ ನೆನಪಾಯಿತು. ಸೀಟು ಬರುವ ಹೊತ್ತಿಗೆ ಬೂತ್ ಗೊತ್ತಿರುವ ಹೆಂಗಸರು ತಯಾರಿರಬೇಕು. ಟಿಕೆಟ್ ಸಿಗದ ಬೇಸರದಲ್ಲಿ ಮನೆಯಲ್ಲಿ ಕೂತಿದ್ದವಳು ಆವತ್ತೇ ಎದ್ದೆ.

ಆ ಚಳಿಗಾಲದಲ್ಲಿ 14 ಬೂತುಗಳಿಂದ ಇಪ್ಪತ್ತಾರು ಹೆಂಗಸರು ನಮ್ಮ ಕೊಬ್ಬರಿ ಅಟ್ಟದ ಕೆಳಗೆ ಸೇರಿದರು. ಪ್ರತಿ ಭಾನುವಾರ ಮಧ್ಯಾಹ್ನ ಎರಡು ಗಂಟೆ. ಪಟ್ಟಿ ಓದುವುದು, ಫಾರಂ ತುಂಬುವುದು, ಏಜೆಂಟ್ ಕೆಲಸ. ಅತ್ತೆಯೂ ಬಂದು ಮೂಲೆಯಲ್ಲಿ ಕೂರುತ್ತಿದ್ದರು. ಓದದೆ ಸಹಿ ಹಾಕಿದ ಕಥೆಯನ್ನು ಪ್ರತಿ ಸಲ ಅವರೇ ಹೇಳುತ್ತಿದ್ದರು.

2024ರ ಏಪ್ರಿಲ್ 26ರಂದು ನಮ್ಮ ಕಡೆ ಲೋಕಸಭೆ ಮತದಾನ. ರಾತ್ರಿ ಏಳೂವರೆಗೆ ಒಬ್ಬ ಹುಡುಗಿಯ ಫೋನ್ ಬಂತು. ಮೊದಲ ಸಲ ಏಜೆಂಟ್ ಆಗಿದ್ದವಳು. "ಅಕ್ಕ, ಬೇರೆ ಏಜೆಂಟ್ರೆಲ್ಲ ಹೊರಟೋದ್ರು. ಬಸ್ಸು ಬಂದೈತೆ, ಲೇಟಾಯ್ತು ಅಂತಾವ್ರೆ, 17ಸಿ ಕೊಡ್ತಿಲ್ಲ. ನಾನೂ ಹೋಗ್ಲಾ?" ಹೋಗಬೇಡ ಅಂದೆ. ಗಟ್ಟಿಯಾಗಿ ಮಾತಾಡಬೇಡ, ಮರ್ಯಾದೆಯಿಂದ ಕೇಳು, ಆದರೆ ಕುರ್ಚಿ ಬಿಡಬೇಡ ಅಂದೆ. ಅವಳ ಗಂಡ ಹೊರಗೆ ಮಗು ಎತ್ತಿಕೊಂಡು ನಿಂತಿದ್ದ. ಫೋನಿನಲ್ಲಿ ಮಗು ಅಳುವುದು ಕೇಳಿಸುತ್ತಿತ್ತು.

ಎಂಟು ಹತ್ತಕ್ಕೆ ಮೊಬೈಲಿಗೆ ಒಂದು ಫೋಟೋ ಬಂತು. ಸ್ವಲ್ಪ ಅಲ್ಲಾಡಿದ ಫೋಟೋ, ಆದರೂ ಓದಬಹುದಿತ್ತು. ಬೂತ್ ಸಂಖ್ಯೆ, ಬಿದ್ದ ಮತ 871, ಅಧಿಕಾರಿಯ ಸಹಿ. ಅದರ ಕೆಳಗೆ ಅವಳ ಸಹಿ, ಪೂರ್ತಿ ಹೆಸರು, ಬಿಡಿಸಿ ಬಿಡಿಸಿ ಬರೆದಿದ್ದಳು.