ಮುಂಗಾರಿಗೆ ಮೊದಲು ಹಳೆಯ ದಂದಕ್ಕಿ ರಿಪೇರಿ ಹೇಗೆ?

ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ಸಿಗುವುದು ದಂದಕ್ಕಿ, ಅಂದರೆ ದನ ಕಟ್ಟುವ ಜಾಗ. ಅದಕ್ಕೆ ಹೊಂದಿಕೊಂಡು ಎರಡು-ಮೂರು ಅಡಿ ಎತ್ತರದ ಪಡಸಾಲೆ. ಪಡಸಾಲೆಯ ಅಂಚಿಗೇ ಗೋದಲಿ, ಅಂದರೆ ಮೇವು ಹಾಕುವ ಜಾಗ. ಎತ್ತುಗಳು ಮನೆಯವರ ಕಡೆ ಮುಖ ಮಾಡಿ ಮೇಯುತ್ತವೆ. ರಾತ್ರಿ ಎತ್ತು ಮೇವು ಬಿಟ್ಟರೂ, ಉಸಿರು ಬದಲಾದರೂ ಹಾಸಿಗೆಯಲ್ಲಿದ್ದವರಿಗೆ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಕಾವಲು ಬೇಕಾ?

ಈಗ ಮಾಳಿಗೆ, ಅಂದರೆ ಮಣ್ಣಿನ ಚಾವಣಿ, ಸೋರಿದರೆ ಸಾಕು, ಕಿತ್ತು ತಗಡು ಹೊದಿಸುತ್ತಾರೆ. ನಮ್ಮಲ್ಲಿ ಬೇಸಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ತಗಡಿನ ಕೆಳಗೆ ಎಮ್ಮೆ ತೇಕುವುದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಮಣ್ಣಿನ ಮಾಳಿಗೆಯಲ್ಲಿ ಬಿಸಿ ಕೆಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಅದಕ್ಕೇ ಕೆಡವಬೇಡಿ, ಸರಿ ಮಾಡಿಸಿ. ಮೇ ತಿಂಗಳು ಇದಕ್ಕೆ ಸರಿಯಾದ ಕಾಲ.

ಮೊದಲು ತೊಲೆ, ಜಂತಿ ನೋಡಿ. ಕುಡಗೋಲಿನ ಹಿಡಿಯಿಂದ ಒಂದೊಂದನ್ನೂ ಬಡಿಯಿರಿ. ಗಟ್ಟಿ ಮರ ಟಣ್ ಅನ್ನುತ್ತದೆ. ಗೆದ್ದಲು ತಿಂದದ್ದು ಬೊದ್ದು ಸದ್ದು ಕೊಡುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ಎರಡು ಸಲ ನೋಡಿ, ಕೊಳೆಯುವುದು ಅಲ್ಲಿಂದಲೇ. ಅನುಮಾನ ಬಂದರೆ ಆ ತೊಲೆಗೆ ಕಂಬ ಕೊಟ್ಟೇ ಮಾಳಿಗೆ ಹತ್ತಿ. ಅಲ್ಲಿವರೆಗೆ ದನಗಳನ್ನು ಹೊರಗೆ ಕಟ್ಟಿ.

ಎರಡನೆಯದು ಮಾಳಿಗೆಯ ಮಣ್ಣು. ಹೆಚ್ಚಿನವರು ತಪ್ಪುವುದು ಇಲ್ಲೇ. ಪ್ರತಿ ವರ್ಷ ಹಳೆಯದರ ಮೇಲೆ ಹೊಸ ಮಣ್ಣು ಸುರಿಯುತ್ತಾ ಹೋಗುತ್ತಾರೆ. ಒಂದು ಘನ ಅಡಿ ಮಣ್ಣು ಒಣಗಿದ್ದಾಗಲೇ ಸುಮಾರು 40 ಕಿಲೋ ತೂಗುತ್ತದೆ, ನೆನೆದರೆ ಇನ್ನೂ ಜಾಸ್ತಿ. ಮೇಲ್ಮುದ್ದೆ ಮನೆ, ಅಂದರೆ ಇಂಥ ಮಣ್ಣಿನ ಮಾಳಿಗೆಯ ಮನೆ, ಮಳೆಗಾಲದಲ್ಲಿ ಕುಸಿಯಲು ಈ ಭಾರ ದೊಡ್ಡ ಕಾರಣ. ಹಾಗಾಗಿ ಮೇಲಿನ ಸಡಿಲ ಪದರ ಕೆರೆದು ಕೆಳಗಿಳಿಸಿ, ಹುಲ್ಲು ಬೇರುಸಹಿತ ಕೀಳಿ. ಒಟ್ಟು ದಪ್ಪ ಒಂದು ಅಡಿ ಮೀರಬಾರದು.

ಮೇಲೆ ಹಾಕಲು ಬೇಕಾದದ್ದು ಸವಳು ಮಣ್ಣು. ಬೇಸಿಗೆಯಲ್ಲಿ ಹಳ್ಳದ ದಂಡೆಯಲ್ಲಿ ಬೆಳ್ಳಗೆ ಉಪ್ಪು ಉಕ್ಕಿದಂತೆ ಕಾಣುತ್ತದಲ್ಲ, ಅದು. ಹೊಲಕ್ಕೆ ಶಾಪ, ಮಾಳಿಗೆಗೆ ವರ. ಅದರಲ್ಲಿರುವ ಸೋಡಿಯಂ ನೀರು ಬಿದ್ದಾಗ ಜೇಡಿಯ ಕಣಗಳನ್ನು ಬಿಡಿಸಿ ಸಂದುಗಳನ್ನೆಲ್ಲ ಮುಚ್ಚಿಸುತ್ತದೆ, ನೀರು ಕೆಳಗಿಳಿಯುವುದಿಲ್ಲ. ಮೂರು-ನಾಲ್ಕು ಬೆರಳು ದಪ್ಪ ಹರಡಿ, ದೋಣಿಯ (ಮಾಳಿಗೆಯ ನೀರು ಹೊರಗೆ ಬೀಳುವ ಕೊಳವೆಯ) ಕಡೆಗೆ ಇಳಿಜಾರು ಬರುವಂತೆ ಮರದ ಹಲಗೆಯಿಂದ ಬಡಿಯಿರಿ. ಎರೆಮಣ್ಣು, ಅಂದರೆ ಹೊಲದ ಕಪ್ಪು ಮಣ್ಣು, ಮಾತ್ರ ಬೇಡವೇ ಬೇಡ. ಅದು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಾಯಿ ಬಿಡುತ್ತದೆ.

ಮಾಳಿಗೆಯಲ್ಲಿರುವ ಬೆಳಕಿಂಡಿಗಳನ್ನು ಮುಚ್ಚಬೇಡಿ. ಗಂಜಲದ ಘಾಟು, ದನದ ಉಸಿರಿನ ಬಿಸಿ ಹೊರಗೆ ಹೋಗುವ ದಾರಿ ಅದೊಂದೇ. ಸುತ್ತ ಗಿಡ್ಡ ಕಟ್ಟೆ ಕಟ್ಟಿ, ಮಳೆ ಬಂದಾಗ ಬೋಗುಣಿ ಬೋರಲು ಹಾಕಿದರಾಯಿತು.

ಗೋಡೆಗೆ ಸಿಮೆಂಟ್ ಬಳಿಸಬೇಡಿ. ನಮ್ಮ ಮನೆಯಲ್ಲಿ ಗಟ್ಟಿಯಾಗುತ್ತದೆ ಅಂತ ಮೇಸ್ತ್ರಿಯೊಬ್ಬರ ಮಾತು ಕೇಳಿ ಮಣ್ಣಿನ ಗೋಡೆಗೆ ಸಿಮೆಂಟ್ ಹಾಕಿಸಿದೆವು. ಒಳಗಿನ ತೇವ ಆರಲು ಜಾಗವೇ ಇಲ್ಲದೆ ಎರಡು ಮಳೆಗಾಲದಲ್ಲಿ ಬುಡ ಪುಡಿಪುಡಿಯಾಯಿತು. ಸಗಣಿ, ಹೊಟ್ಟು ಕಲಿಸಿ ಕೊಳೆಸಿದ ಕೆಮ್ಮಣ್ಣಿನ ಗಿಲಾವೇ ಸಾಕು.

ನೆಲಕ್ಕೆ ಕಲ್ಲುಚಪ್ಪಡಿ ಇದ್ದರೆ ಎಬ್ಬಿಸಿ ಸಮ ಮಾಡಿ. ಗೋದಲಿಯಿಂದ ಗಂಜಲದ ಕಾಲುವೆ ಕಡೆಗೆ 40 ಅಡಿಗೆ 1 ಅಡಿ ಲೆಕ್ಕದಲ್ಲಿ ಇಳಿಜಾರು ಸಾಕು. ಕಲ್ಲು ತೀರಾ ನುಣುಪಾಗಿದ್ದರೆ ಉಳಿಯಿಂದ ಗೀರು ಹಾಕಿಸಿ, ಇಲ್ಲದಿದ್ದರೆ ಎತ್ತು ಜಾರುತ್ತದೆ. ಒಂದು ಎತ್ತಿಗೆ ಅಗಲದಲ್ಲಿ ನಾಲ್ಕು ಅಡಿಯಾದರೂ ಬಿಡಿ.

ಗೋದಲಿಯ ಕಲ್ಲು ಒಂದನ್ನು ಮಾತ್ರ ಬದಲಿಸಬೇಡಿ. ಅದರ ಅಂಚಿನ ಮೇಲೆ ಕೈಯಾಡಿಸಿ ನೋಡಿ. ಎತ್ತುಗಳ ಕೊರಳು ಉಜ್ಜಿ ಉಜ್ಜಿ ಬೆಣ್ಣೆಯಂತಾಗಿರುತ್ತದೆ, ಹಗ್ಗ ಪೋಣಿಸುವ ತೂತಿನ ಒಳಗೂ ಹಾಗೇ. ಹೊಸ ಕಲ್ಲಿನ ಚೂಪು ಅಂಚು ಕೊರಳಿಗೆ ಗಾಯ ಮಾಡುತ್ತದೆ. ಸಂದುಗಳಿಗಷ್ಟೇ ಗಾರೆ ತುಂಬಿಸಿ.

ಮೊದಲ ದೊಡ್ಡ ಮಳೆಯ ರಾತ್ರಿ ಬ್ಯಾಟರಿ ಹಿಡಿದು ದಂದಕ್ಕಿಯಲ್ಲಿ ಒಂದು ಸುತ್ತು ಹಾಕಿ. ಹನಿ ಬೀಳುವ ಜಂತಿಗೆ ಇದ್ದಿಲಿನಿಂದ ಗುರುತು ಹಾಕಿ. ಬೆಳಗ್ಗೆ ಅದರ ನೇರಕ್ಕೆ, ಸ್ವಲ್ಪ ಏರಿನ ಕಡೆ, ಒಂದು ಬುಟ್ಟಿ ಸವಳು ಹಾಕಿ ಬಡಿಯಿರಿ.