ಟಾಹೋ ದಡದಲ್ಲಿ ಕ್ಯಾಂಪಿಂಗ್: ಮನೆಯಲ್ಲೇ ಅರ್ಧ ಅಡುಗೆ ಮುಗಿಸಿ ಹೊರಡಿ

ಬೇಸಿಗೆ ಬಂತೆಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ನಮ್ಮ ಹುಡುಗ ಹುಡುಗಿಯರು ಬೆಟ್ಟದ ಮೇಲಿನ ಸರೋವರ ಲೇಕ್ ಟಾಹೋ ಕಡೆ ಹೊರಡುತ್ತಾರೆ. ಅದರ ಪಶ್ಚಿಮ ದಡದಲ್ಲಿ ಶುಗರ್ ಪೈನ್ ಪಾಯಿಂಟ್ ಸ್ಟೇಟ್ ಪಾರ್ಕ್ ಇದೆ. ಸಣ್ಣ ಮಕ್ಕಳನ್ನೂ ಊರಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುವುದಾದರೆ ನನಗೆ ಅದೇ ಜಾಸ್ತಿ ಇಷ್ಟ. ಟೆಂಟ್ ಹಾಕಿದರೂ ಸರಿ, ಒಳಗೇ ಮಲಗಿ ಅಡುಗೆ ಮಾಡುವಂಥ ಗಾಡಿ, ಅಂದರೆ ಆರ್‌ವಿ, ತಂದರೂ ಸರಿ. ಆದರೆ ಅಲ್ಲಿ ಹೋಗಿ ಈರುಳ್ಳಿ ಹೆಚ್ಚುತ್ತಾ ಕೂರುವ ಹಾಗೆ ಮಾತ್ರ ಹೋಗಬೇಡಿ.

ಮೊದಲು ಜಾಗದ ಮಾತು. ರಿಸರ್ವ್ ಕ್ಯಾಲಿಫೋರ್ನಿಯಾ ಎಂಬ ವೆಬ್‌ಸೈಟಿನಲ್ಲಿ ಆರು ತಿಂಗಳು ಮುಂಚೆಯೇ, ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ಶುರುವಾಗುತ್ತದೆ. ಆಗಸ್ಟ್‌ಗೆ ಹೋಗಬೇಕೆಂದರೆ ಫೆಬ್ರವರಿಯಲ್ಲೇ ಕೂತು ಬುಕ್ ಮಾಡಿ. ಒಂದು ಸೈಟಿಗೆ ಎಂಟು ಜನ, ಅಷ್ಟೇ. ಎರಡು ಕುಟುಂಬ ಹೊರಟಿದ್ದರೆ ಅಕ್ಕಪಕ್ಕದ ಎರಡು ಸೈಟ್ ಹಿಡಿಯಿರಿ, ಒಂದರಲ್ಲೇ ಒತ್ತರಿಸಿಕೊಳ್ಳುವುದು ಬೇಡ. ಆರ್‌ವಿ ಬಾಡಿಗೆಗೆ ತರುವವರು ಉದ್ದ ನೋಡಿ ತನ್ನಿ. ಇಲ್ಲಿ 32 ಅಡಿವರೆಗೆ ಒಳಗೆ ಬಿಡುತ್ತಾರೆ. ಪಕ್ಕದ ಡಿ. ಎಲ್. ಬ್ಲಿಸ್ ಪಾರ್ಕಿನಲ್ಲಿ 18 ಅಡಿ ಮೀರುವಂತಿಲ್ಲ. ದಾರಿಯೂ ಹಾಗೇ. ದೊಡ್ಡ ಗಾಡಿ ಇದ್ದರೆ ಹೈವೇ 80ರಲ್ಲಿ ಟ್ರಕೀವರೆಗೆ ಹೋಗಿ, ಅಲ್ಲಿಂದ 89 ಹಿಡಿದು ಟಾಹೋ ಸಿಟಿ ಮೇಲೆ ಬನ್ನಿ. ಎಮರಾಲ್ಡ್ ಬೇ ಕಡೆಯ ರಸ್ತೆ ಇಕ್ಕಟ್ಟು, ತಿರುವು ಜಾಸ್ತಿ, ಒಂದು ಕಡೆ ಪ್ರಪಾತ.

ಈ ಕ್ಯಾಂಪಿನ ಸೈಟುಗಳಲ್ಲಿ ಕರೆಂಟ್ ಇಲ್ಲ, ನೀರಿನ ಕನೆಕ್ಷನ್ ಕೂಡ ಇಲ್ಲ. ಜನರೇಟರ್ ಹಾಕಲು ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ ಅವಕಾಶ. ಅಂದರೆ ಬೆಳಗಿನ ತಿಂಡಿಗೆ ಮಿಕ್ಸಿ ತಿರುಗುವುದಿಲ್ಲ. ರುಬ್ಬುವುದು, ಹುರಿಯುವುದು, ಒಗ್ಗರಣೆ ಹಾಕುವುದು ಏನೇ ಇದ್ದರೂ ಹೊರಡುವ ಹಿಂದಿನ ದಿನ ಮನೆಯಲ್ಲೇ ಆಗಲಿ.

ಇನ್ನೊಂದು ಕಾರಣವೂ ಇದೆ. ಟಾಹೋ ಸರೋವರ ಇರುವುದೇ ಸುಮಾರು 1,900 ಮೀಟರ್ ಎತ್ತರದಲ್ಲಿ. ಹೆಚ್ಚು ಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರ! ಅಲ್ಲಿ ನೀರು 100 ಡಿಗ್ರಿಗೆ ಅಲ್ಲ, ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ನೀರು ಕೊತಕೊತ ಕುದಿಯುತ್ತಿದ್ದರೂ ಬೇಳೆ ಮಾತ್ರ ಬೇಗ ಬೇಯುವುದಿಲ್ಲ. ಅಕ್ಕಿಯೂ ನಡುವೆ ಗಟ್ಟಿಯಾಗಿ ಉಳಿಯುತ್ತದೆ. ಹಸಿದ ಮಕ್ಕಳು ತಟ್ಟೆ ಹಿಡಿದು ಕೂತಿರುತ್ತವೆ, ಗ್ಯಾಸ್ ಸುಮ್ನೆ ಉರಿದು ಖಾಲಿಯಾಗುತ್ತದೆ. ಅದಕ್ಕೇ ಪ್ರೆಷರ್ ಕುಕ್ಕರ್ ಮರೆಯಬೇಡಿ. ದೊಡ್ಡದು ಬೇಡ, ಕ್ಯಾಂಪ್ ಸ್ಟೌ ಮೇಲೆ ಅದು ವಾಲುತ್ತದೆ. ಮೂರು ಲೀಟರಿನದು ಸಾಕು. ಅಕ್ಕಿ ಬೇಳೆ ಅರ್ಧ ಗಂಟೆ ನೆನೆಸಿ, ಮನೆಯಲ್ಲಿ ಕೂಗಿಸುವುದಕ್ಕಿಂತ ಒಂದೆರಡು ಕೂಗು ಜಾಸ್ತಿ ಕೂಗಿಸಿ. ಗಾಳಿಗೆ ಉರಿ ಹಾರುತ್ತದೆ, ಸ್ಟೌ ಸುತ್ತ ತಗಡಿನ ಮರೆ ಇಡಿ. ಸೌದೆ ಬೆಂಕಿಯ ಮೇಲೆ ಕುಕ್ಕರ್ ಇಡಲೇಬೇಡಿ. ಹಿಡಿ ಕರಗುತ್ತದೆ, ಗ್ಯಾಸ್ಕೆಟ್ ಹಾಳಾಗುತ್ತದೆ, ಅದು ಅಪಾಯ ಕೂಡ.

ಏನು ಒಯ್ಯಬೇಕು? ರವೆಯನ್ನು ಒಗ್ಗರಣೆ ಸಮೇತ ಹುರಿದು ಡಬ್ಬಿಗೆ ತುಂಬಿ. ಅಲ್ಲಿ ಬಿಸಿನೀರು ಸುರಿದರೆ ಉಪ್ಪಿಟ್ಟು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇರಲಿ. ಗೊಜ್ಜವಲಕ್ಕಿಗೆ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿಟ್ಟುಕೊಳ್ಳಿ, ಅದಕ್ಕೆ ಒಲೆಯೇ ಬೇಡ. ಮೊದಲ ರಾತ್ರಿಯ ಹುಳಿಯನ್ನು ಮನೆಯಲ್ಲೇ ಮಾಡಿ, ಗಟ್ಟಿ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ. ಕೂಲರ್ (ಐಸ್ ಪೆಟ್ಟಿಗೆ) ತಳದಲ್ಲಿ ಆ ಡಬ್ಬಿ ಇಟ್ಟರೆ ಐಸಿನ ಕೆಲಸವನ್ನೂ ಅದೇ ಮಾಡುತ್ತದೆ, ಮೊಸರು ಹಾಲು ತಣ್ಣಗಿರುತ್ತದೆ. ಉಪ್ಪಿನಕಾಯಿ ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನಿಲ್ಲಿಸಿಡಿ. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಚಿಪ್ಸ್ ಪ್ಯಾಕೆಟ್ಟು ಉಬ್ಬುತ್ತದೆ, ಉಪ್ಪಿನಕಾಯಿ ಮುಚ್ಚಳ ತೆರೆದಾಗ ಎಣ್ಣೆ ಉಕ್ಕುತ್ತದೆ.

ಈಗ ಕರಡಿಯ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಟಾಹೋದ ಕಪ್ಪು ಕರಡಿಗಳಿಗೆ ಕಾರಿನ ಬಾಗಿಲು ತೆಗೆಯುವುದೂ ಗೊತ್ತು. ಪ್ರತಿ ಸೈಟಿನಲ್ಲೂ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ. ತಿನ್ನುವುದೆಲ್ಲ ಅದರೊಳಗೆ ಹೋಗಬೇಕು, ಹಗಲಲ್ಲೂ ಚಿಲಕ ಹಾಕಿರಬೇಕು. ವಾಸನೆ ಬರುವುದೆಲ್ಲ ಕರಡಿಯ ಲೆಕ್ಕಕ್ಕೆ ತಿನ್ನುವುದೇ. ಟೂತ್‌ಪೇಸ್ಟ್, ಸೋಪು, ಕೊಬ್ಬರಿ ಎಣ್ಣೆ, ಮಗುವಿನ ವೈಪ್ಸ್, ಅಮ್ಮ ತಂದ ಊದುಬತ್ತಿ, ಎಲ್ಲವನ್ನೂ ಅಲ್ಲೇ ಇಡಿ. ಮಕ್ಕಳ ಜೇಬು, ಸ್ಟ್ರೋಲರ್, ಕಾರ್ ಸೀಟಿನ ಸಂದು ನೋಡಿ, ಬಿಸ್ಕತ್ತಿನ ಚೂರು ಅಲ್ಲೇ ಇರುತ್ತದೆ. ಎಂಜಲು, ಕಸ ಮಲಗುವ ಮುಂಚೆ ಕರಡಿ ತೆಗೆಯಲಾಗದ ಕಸದ ತೊಟ್ಟಿಗೆ ಹೋಗಲಿ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದರ ಜೀವಕ್ಕೇ ಕುತ್ತು. ನನಗೆ ಅದೇ ಜಾಸ್ತಿ ಸಂಕಟ.

ರಾತ್ರಿ ಜುಲೈನಲ್ಲೂ ಚಳಿ. 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಮೇಲೆ ಎಷ್ಟು ಹೊದ್ದರೂ ಚಳಿ ಬರುವುದು ನೆಲದಿಂದ, ಹಾಗಾಗಿ ಮ್ಯಾಟ್ ಮೇಲೆ ಒಂದು ಕಂಬಳಿ ಹಾಸಿ, ಆಮೇಲೆ ಹೊದೆಯುವ ಮಾತು. ಮಕ್ಕಳಿಗೆ ಟೋಪಿ, ಕಾಲುಚೀಲ ಹಾಕಿಯೇ ಮಲಗಿಸಿ. ಸರೋವರದ ನೀರು ಹೊಳೆಯುತ್ತದೆ, ಕರೆಯುತ್ತದೆ, ಆದರೆ ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ದಿಢೀರ್ ಹಾರಿದರೆ ಈಜು ಬಲ್ಲವರಿಗೂ ಉಸಿರು ಕಟ್ಟುತ್ತದೆ. ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸಿ, ದಡದಲ್ಲೇ ನಿಧಾನಕ್ಕೆ ಇಳಿಸಿ. ವಯಸ್ಸಾದವರಿಗೆ ಎತ್ತರದಲ್ಲಿ ಮೊದಲ ದಿನ ಏದುಸಿರು, ತಲೆನೋವು ಬರಬಹುದು. ಅವತ್ತು ನಡೆಸಬೇಡಿ, ನೀರು ಜಾಸ್ತಿ ಕುಡಿಸಿ. ಬಿಪಿ, ಹೃದಯದ ತೊಂದರೆ ಇದ್ದವರು ಹೊರಡುವ ಮುಂಚೆ ಡಾಕ್ಟರನ್ನು ಕೇಳಲಿ.

ಸೌದೆಯನ್ನು ಅಲ್ಲೇ ಹತ್ತಿರ ಕೊಂಡುಕೊಳ್ಳಿ. ಕಾಡಿನಲ್ಲಿ ಬಿದ್ದ ಕಡ್ಡಿ ಆಯುವಂತಿಲ್ಲ, ಮನೆಯಿಂದ ಸೌದೆ ತಂದರೆ ಮರದ ಹುಳು ಜೊತೆಗೆ ಬರುತ್ತದೆ. ಬೆಂಕಿಗೆ ನಿಷೇಧ ಇದೆಯಾ ಎಂದು ಹೊರಡುವ ದಿನ ನೋಡಿಕೊಳ್ಳಿ. ಆರ್‌ವಿ ಸಿಂಕಿಗೆ ಹುಳಿ, ಅನ್ನ ಸುರಿಯಬೇಡಿ. ತಟ್ಟೆಯನ್ನು ಮೊದಲು ಪೇಪರಿನಲ್ಲಿ ಒರೆಸಿ, ಆಮೇಲೆ ತೊಳೆಯಿರಿ. ಇಲ್ಲದಿದ್ದರೆ ಕೊಳೆನೀರಿನ ಟ್ಯಾಂಕ್ ಎರಡೇ ದಿನಕ್ಕೆ ನಾರುತ್ತದೆ. ಪಾತ್ರೆಯನ್ನು ಸರೋವರದಲ್ಲಂತೂ ತೊಳೆಯಲೇಬಾರದು, ಸೋಪು ಯಾವುದೇ ಆಗಿರಲಿ.

ಪೈನ್ ಮರದ ಅಂಟು ಬಟ್ಟೆಗೆ ಮೆತ್ತಿಕೊಂಡರೆ ನೀರಿಗೆ ಹೋಗುವುದಿಲ್ಲ. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ, ಉಜ್ಜಿ, ಪಾತ್ರೆ ಸೋಪಿನಲ್ಲಿ ತೊಳೆದು ಆಮೇಲೆ ಮೆಷಿನ್ನಿಗೆ ಹಾಕಿ. ಮಕ್ಕಳ ಕೂದಲಿಗೂ ಇದೇ ಉಪಾಯ.